ಜಾರಿದರೆ ಔಟ್

ಸಾಫ್ಟ್‌ಬಾಲನ್ನು ಛಾವಣಿಯ ಕೆಳಗೆ ಆಡಬಹುದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ನಾನು ಕಲಿತದ್ದು ಬಯಲಿನ ಆಟ. ಕೈಯನ್ನು ಕೆಳಗಿನಿಂದ ಬೀಸಿ ಚೆಂಡು ಎಸೆಯುವುದು, ಬ್ಯಾಟಿನವಳು ಹೊಡೆದು ಓಡುವುದು, ಮೂರು ಮೂಲೆಗಳನ್ನು ಮುಟ್ಟಿಕೊಂಡು ಹೊರಟ ಜಾಗಕ್ಕೇ ವಾಪಸು ಬಂದರೆ ಒಂದು ರನ್. ಇಷ್ಟೇ ಆಟ. ತಳಿಗೂ ಡೆಂಕಣಿಕೋಟೆಗೂ ನಡುವೆ ಇರುವ ನಮ್ಮೂರಿನ ಸರ್ಕಾರಿ ಶಾಲೆಗೆ ನಾನು ಪಿ.ಟಿ. ಮಿಸ್ ಆಗಿ ಬಂದಾಗ ಅಲ್ಲಿ ಒಂದು ಬ್ಯಾಟು, ಒಂಬತ್ತು ಗ್ಲೌಸುಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದ್ದವು. ಅವು ಯಾವ ಆಟದವು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಬ್ಯಾಟನ್ನು ಒಬ್ಬ ಮೇಷ್ಟ್ರು ಕಿಟಕಿಗೆ ಅಗುಳಿಯಂತೆ ಬಳಸುತ್ತಿದ್ದರು. ನಾನು ಅದನ್ನು ಕಿತ್ತುಕೊಂಡು ಮಕ್ಕಳ ಕೈಗೆ ಕೊಟ್ಟೆ.

ಎರಡು ವರ್ಷದಲ್ಲಿ ನಮ್ಮ ಮಕ್ಕಳು ಚೆನ್ನಾಗಿ ಆಡತೊಡಗಿದರು. ಅದನ್ನು ನೋಡಿ ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಮೂರೂ ಕಡೆಯ ಶಾಲೆಗಳವರು ತಾವೂ ಕಲಿಯುತ್ತೇವೆಂದರು. ನಾನೇ ಶನಿವಾರಗಳಲ್ಲಿ ಬಸ್ಸು ಹತ್ತಿ ಹೋಗಿ ಕಲಿಸಿ ಬಂದೆ. ನಾಲ್ಕು ಶಾಲೆಗಳ ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಒಂದು ಲೀಗ್ ನಡೆಸೋಣವೆಂದು ಮಾತಾಯಿತು. ಪತ್ರಗಳು ಹೋದವು, ಒಪ್ಪಿಗೆಗಳು ಬಂದವು, ಶನಿವಾರಗಳು ಗೊತ್ತಾದವು.

ಅಷ್ಟರಲ್ಲಿ ರಾಗಿ ತೆನೆ ಕಟ್ಟಿ ಹಾಲುಗಾಳಿಗೆ ಬಂತು. ರಾಗಿ ಹಾಲುಗಾಳಿಗೆ ಬಂತೆಂದರೆ ನಮ್ಮ ಕಡೆ ಆನೆಯೂ ಬಂತೆಂದೇ ಲೆಕ್ಕ. ಒಂದು ಬೆಳಿಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಹಾಕಲು ಹೋದವಳು ನೋಡುತ್ತೇನೆ, ಚೆಂಡು ಎಸೆಯುವವರು ನಿಲ್ಲುವ ವೃತ್ತದ ಸರಿಯಾಗಿ ನಡುವೆ ಮೊರದಗಲದ ಹೆಜ್ಜೆ. ಅದರ ಪಕ್ಕ ಇನ್ನೊಂದು, ಸಣ್ಣದು. ತಾಯಿ ಮರಿ ಎರಡೂ ನಮ್ಮ ಮೈದಾನದ ಮೇಲೆಯೇ ಹಾದು ಎದುರಿನ ಹೊಲಕ್ಕೆ ಇಳಿದಿದ್ದವು. ಮುಖ್ಯೋಪಾಧ್ಯಾಯಿನಿ ಅದನ್ನು ನೋಡಿದ ಮೇಲೆ ಒಂದೇ ಮಾತು ಹೇಳಿದರು:

"ಕೊಯ್ಲು ಮುಗಿಯೋವರ್ಗೂ ಮೂರು ಗಂಟೆ ಮೇಲೆ ಮೈದಾನದಲ್ಲಿ ಒಂದು ಮಗೂನೂ ಇರ್ಬಾರ್ದು ಮಿಸ್. ಲೀಗ್ ಮುಂದಿನ್ ವರ್ಷ ನೋಡ್ಕೊಳಾನ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಒಂದು ವರ್ಷದಲ್ಲಿ ಹದಿನಾಲ್ಕರ ಮಗು ಹದಿನೈದಾಗುತ್ತದೆ, ತಂಡದಿಂದ ಹೊರಗೆ ಬೀಳುತ್ತದೆ. ನಾನು ಒಪ್ಪಿಕೊಂಡ ಕೆಲಸವನ್ನು ಮುಂದಕ್ಕೆ ಹಾಕುವವರ ಪೈಕಿಯೂ ಅಲ್ಲ. ಅದೇ ಸಂಜೆ ನಮ್ಮೂರಿನ ಗುಲಾಬಿ ಬೆಳೆಯುವ ಯಜಮಾನರೊಬ್ಬರ ಮನೆಗೆ ಹೋದೆ. ಅವರು ಹೂ ವಿಂಗಡಿಸಲು ರಸ್ತೆಯ ಪಕ್ಕ ಹೊಸ ಶೆಡ್ ಕಟ್ಟಿಸಿದ್ದರು. ಹಳೆಯದು ಊರ ನಡುವೆಯೇ ಖಾಲಿ ಬಿದ್ದಿತ್ತು. ಸಿಮೆಂಟು ನೆಲ, ಮೂರು ಕಡೆ ಗೋಡೆ, ಒಂದು ಕಡೆ ದೊಡ್ಡ ಬಾಗಿಲು, ಮೇಲೆ ತಗಡು, ನಡುವೆ ಸಾಲಾಗಿ ಆರು ಕಬ್ಬಿಣದ ಕಂಬ.

"ಶೆಡ್ ಸುಮ್ಕೆ ಬಿದ್ದದೆ ಕಣಮ್ಮ. ಇಲಿ ಆಡೋ ಬದ್ಲು ಮಕ್ಳಾಡ್ಲಿ. ಆದ್ರೆ ಒಂದ್ ಮಾತು, ತಗಡು ತೂತಾದ್ರೆ ನಿನ್ನೇ ಏಣಿ ಹತ್ತಿಸ್ತೀನಿ," ಎಂದರು.

"ಹತ್ತಿಸಿ ಯಜಮಾನ್ರೆ. ನಂಗೆ ಏಣಿ ಹೊಸ್ದಲ್ಲ," ಎಂದೆ.

ಮಾರನೆಯ ಭಾನುವಾರ ನಮ್ಮ ಮನೆಯ ಜಗುಲಿಯ ಮೇಲೆ ನಿಯಮ ಬರೆಯಲು ಕುಳಿತೆವು. ನಾನು ಮತ್ತು ನನ್ನ ತಮ್ಮ. ತಮ್ಮ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ಪಕ್ಕದ ಮನೆಯಲ್ಲೇ ಇರುತ್ತಾನೆ. ಕ್ರಿಕೆಟ್ ಆಡಿದವನು, ಕಣ್ಣು ಚುರುಕು, ದನಿ ದೊಡ್ಡದು. ಅಂಪೈರ್ ಆಗಲು ಅವನೇ ಸರಿಯೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ಆಟದ ಅಧಿಕೃತ ನಿಯಮಪುಸ್ತಕ ನನ್ನ ಬಳಿ ಇತ್ತು, ಆದರೆ ಅದು ನಮ್ಮ ಶೆಡ್ಡಿಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಅದರ ಪ್ರಕಾರ ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡಿದರೆ ನಮ್ಮ ಮಕ್ಕಳು ಗೋಡೆ ದಾಟಿ ಪಕ್ಕದ ಕೊಟ್ಟಿಗೆಯಲ್ಲಿರುತ್ತಿದ್ದರು.

"ಅಕ್ಕಾ, ನಮ್ ಕಂಪ್ನೀಲಿ ಒಂದ್ ಬೋಲ್ಟ್ ಬಿಗಿಯೋಕೂ ಬರ್ದಿಟ್ಟಿರ್ತಾರೆ. ಯಾವ್ ಕೈ, ಎಷ್ಟ್ ಸುತ್ತು, ಎಲ್ಲಾ. ಚಿಕ್ಕ್ ಚಿಕ್ಕ್ ಸಾಲು. ಹಂಗೆ ಬರೀಬೇಕು," ಎಂದ ತಮ್ಮ.

ಹಾಗೆಯೇ ಬರೆದೆವು. ತಂಡಕ್ಕೆ ಏಳು ಜನ. ಎಲ್ಲರೂ ಬ್ಯಾಟ್ ಮಾಡಲೇಬೇಕು, ಚೆನ್ನಾಗಿ ಆಡುವವರನ್ನಷ್ಟೇ ಮುಂದೆ ಬಿಡುವ ಹಾಗಿಲ್ಲ. ಒಂದು ಸರದಿಯಲ್ಲಿ ಐದು ರನ್ ಆದರೆ ಸರದಿ ಮುಗಿಯಿತು. ಹೊಡೆದ ಮೇಲೆ ಬ್ಯಾಟನ್ನು ಎಸೆಯಬಾರದು, ಪಕ್ಕದಲ್ಲಿಟ್ಟ ಸ್ಕೂಟರ್ ಟೈರಿನೊಳಗೆ ಹಾಕಿಯೇ ಓಡಬೇಕು, ಇಲ್ಲದಿದ್ದರೆ ಔಟ್. ಗೋಡೆಗೆ ಬಡಿದು ಬಂದ ಚೆಂಡನ್ನು ಹಿಡಿದರೆ ಕ್ಯಾಚ್ ಅಲ್ಲ. ಕಂಬಗಳಿಗೆ ಹುಲ್ಲು ತುಂಬಿದ ಗೋಣಿಚೀಲ ಸುತ್ತಿರಬೇಕು. ಚೆಂಡು ಒಳಗೆ ಸ್ಪಂಜು ಇರುವ ಮೆತ್ತನೆಯದು, ಚರ್ಮದ್ದಲ್ಲ. ಅಂಚೆಟ್ಟಿಯ ಮಕ್ಕಳಿಗೆ ಸಂಜೆಯ ಬಸ್ಸು ತಪ್ಪಿದರೆ ಬೇರೆ ಬಸ್ಸಿಲ್ಲವಾದ್ದರಿಂದ ಯಾವ ಪಂದ್ಯವಾದರೂ ನಾಲ್ಕೂಕಾಲಿಗೆ ನಿಲ್ಲಬೇಕು.

ಇನ್ನೊಂದು ನಿಯಮ ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಬಯಲಿನಲ್ಲಿ ಆಡುವವರು ಮೂಲೆಯನ್ನು ಬೇಗ ಮುಟ್ಟಲೆಂದು ಕೊನೆಯ ಮಾರಿನಲ್ಲಿ ನೆಲಕ್ಕೆ ಬಿದ್ದು, ಕಾಲು ಚಾಚಿ, ಮಣ್ಣಿನ ಮೇಲೆ ಜಾರಿಕೊಂಡು ಹೋಗುತ್ತಾರೆ. ಅದು ಈ ಆಟದ ಚೆಲುವು. ಆದರೆ ಸಿಮೆಂಟಿನ ಮೇಲೆ ಹಾಗೆ ಮಾಡಿದರೆ ಮಂಡಿಯ ಚರ್ಮವೆಲ್ಲ ನೆಲಕ್ಕೇ ಅಂಟಿಕೊಳ್ಳುತ್ತದೆ. ಆದ್ದರಿಂದ ಏಳನೆಯ ನಿಯಮವಾಗಿ ನಾನು ಎರಡೇ ಪದ ಬರೆದೆ: ಜಾರಿದರೆ ಔಟ್. ತಮ್ಮ ಮೆಚ್ಚಿಕೊಂಡ. ಇಷ್ಟು ಚಿಕ್ಕದಾಗಿ ಅವರ ಕಂಪನಿಯಲ್ಲೂ ಬರೆಯುವುದಿಲ್ಲವಂತೆ.

ಕನ್ನಡದಲ್ಲಿ ಬರೆದದ್ದನ್ನು ತಮಿಳಿಗೆ ನಾನೇ ಮಾಡಿದೆ. ತೆಲುಗಿಗೆ ತಮ್ಮನ ಹೆಂಡತಿ ಮಾಡಿದಳು. ಮೂರನ್ನೂ ದೊಡ್ಡ ಹಾಳೆಗಳಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದೆ. ತಮಿಳಿನ ಹಾಳೆಯ ತಲೆಬರಹ "ವಿದಿಮುರೈ" ಎಂದಿತ್ತು, ತಮಿಳಿನಲ್ಲಿ ನಿಯಮಾವಳಿ ಎಂದರ್ಥ. ಗುಲಾಬಿಯ ಯಜಮಾನರು ಕನ್ನಡಕ ಏರಿಸಿಕೊಂಡು ಅದನ್ನು ಒಂದೊಂದೇ ಅಕ್ಷರವಾಗಿ ಓದಿ ನನ್ನತ್ತ ತಿರುಗಿದರು.

"ಅಲ್ಲ ಕಣಮ್ಮ, ಮಕ್ಳಾಟಕ್ಕೂ ವಿಧಿ ಗಿಧಿ ಯಾಕ್ ತಂದೆ? ಅದು ಹಣೇಲಿ ಬರ್ಯೋದು, ಬಾಗ್ಲಲ್ಲಲ್ಲ."

"ಇದು ಅಳಿಸಿ ಬರೆಯೋ ವಿಧಿ ಯಜಮಾನ್ರೆ," ಎಂದೆ. ನಾನು ಅದನ್ನು ತಮಾಷೆಗೆ ಹೇಳಿದ್ದು. ಮೊದಲ ಶನಿವಾರವೇ ಅಳಿಸುವ ಕೆಲಸ ಬಂತು.

ಚೆಂಡು ಮೇಲಿನ ತೊಲೆಯಲ್ಲಿ ಸಿಕ್ಕಿಹಾಕಿಕೊಂಡರೆ ಪಾಪ, ಅದು ಹೊಡೆದವರ ತಪ್ಪಲ್ಲವೆಂದು ಎರಡು ಮೂಲೆ ಮುಂದೆ ಹೋಗಲು ಬಿಡಬೇಕೆಂದು ಬರೆದಿದ್ದೆ. ಡೆಂಕಣಿಕೋಟೆಯ ತಂಡದಲ್ಲಿ ಹತ್ತು ವರ್ಷದ ಒಬ್ಬ ಕುಳ್ಳಿ ಇದ್ದಳು. ಅವಳು ಹಾಳೆಯನ್ನು ಓದಿ, ತಲೆಯೆತ್ತಿ ತೊಲೆಯನ್ನು ನೋಡಿ, ಮತ್ತೆ ಹಾಳೆಯನ್ನು ನೋಡಿದಳು. ಆಮೇಲೆ ತನ್ನ ಮೂರು ಸರದಿಯಲ್ಲೂ ಚೆಂಡನ್ನು ನೇರ ಮೇಲಕ್ಕೇ ಬಾರಿಸಿದಳು. ಎರಡು ಸಲ ಅದು ಹೋಗಿ ತೊಲೆಯ ಸಂದಿಯಲ್ಲಿ ಕುಳಿತಿತು. ಎರಡು ಸಲವೂ ಅವಳು ನಿಧಾನವಾಗಿ, ಮದುವೆಗೆ ಹೋಗುವವಳಂತೆ ನಡೆದು ಎರಡನೆಯ ಮೂಲೆಗೆ ಹೋಗಿ ನಿಂತಳು. ಚೆಂಡು ಇಳಿಸಲು ಏಣಿ ಹತ್ತಿದವಳು ನಾನು. ಎರಡನೆಯ ಸಲ ಇಳಿದ ಕೂಡಲೇ ಆ ಸಾಲಿನ ಮೇಲೆ ಗೆರೆ ಎಳೆದು "ತೊಲೆಗೆ ಸಿಕ್ಕಿದರೆ ಔಟ್" ಎಂದು ಬರೆದೆ. ಕುಳ್ಳಿ ಏನೂ ಬೇಸರ ಮಾಡಿಕೊಳ್ಳಲಿಲ್ಲ. "ಮುಂದಿನ್ ವಾರದಿಂದಾ ಮಿಸ್, ಇವಾಗಿಂದಾ?" ಎಂದು ಮಾತ್ರ ಕೇಳಿದಳು.

ಅದು ನಗುವಿನಲ್ಲಿ ಮುಗಿಯಿತು. ಅಂಚೆಟ್ಟಿಯ ತಂಡದ್ದು ನಗುವಿನಲ್ಲಿ ಮುಗಿಯುವಂಥದಾಗಿರಲಿಲ್ಲ.

ಅವರು ಬಂದದ್ದು ಎರಡನೆಯ ಶನಿವಾರ. ಏಳು ಜನರಲ್ಲಿ ಐದು ಜನರ ಕಾಲಲ್ಲಿ ಚಪ್ಪಲಿ, ಇಬ್ಬರದು ಬರಿಗಾಲು. ನನ್ನ ನಾಲ್ಕನೆಯ ನಿಯಮ "ಶೂ ಕಡ್ಡಾಯ" ಎಂದಿತ್ತು. ಸಿಮೆಂಟು ನೆಲ, ಕಬ್ಬಿಣದ ಕಂಬ, ಮಕ್ಕಳ ಬೆರಳು ಎಂದೆಲ್ಲ ಯೋಚಿಸಿ ಬರೆದದ್ದು. ನಾನು ಬಾಗಿಲಲ್ಲೇ ನಿಲ್ಲಿಸಿ ವಿಷಯ ಹೇಳಿದೆ. ಅವರೊಂದಿಗೆ ಬಂದಿದ್ದ ಮೇಷ್ಟ್ರು ತಲೆ ತಗ್ಗಿಸಿದರು. ತಂಡದ ನಾಯಕಿ ತಗ್ಗಿಸಲಿಲ್ಲ. ಉದ್ದ ಜಡೆಯ, ಉದ್ದ ಕಾಲಿನ, ಹದಿಮೂರರ ಹುಡುಗಿ. ಜಡೆಯನ್ನು ಮೇಲಕ್ಕೆ ಮಡಚಿ ಕಟ್ಟಿದ್ದಳು.

"ಮಿಸ್, ಈ ರೂಲು ಯಾರ್ಗೋಸ್ಕರ ಬರ್ದಿದ್ದೀರಿ?" ಎಂದಳು.

"ನಿಮ್ಗೋಸ್ಕರನೇ ಕಣಮ್ಮ. ಕಾಲ್ಗೆ ಏಟಾಗ್ಬಾರ್ದು ಅಂತ."

"ನಾವು ಬಸ್ಸು ಸಿಗೋ ಕಡೆ ಬರೋಕೆ ಕಾಡ್ ದಾರೀಲಿ ಎರಡ್ ಗಂಟೆ ನಡ್ದಿದ್ದೀವಿ. ಆ ಕಾಲ್ಗೆ ನಿಮ್ ಸಿಮೆಂಟು ಏನ್ ಮಾಡ್ತದೆ? ಚಪ್ಲಿ ಬಿಚ್ಚಾಕ್ತೀವಿ. ನಿಮ್ಮೋರ್ನ ಶೂ ಹಾಕ್ಕಂಡು ಓಡ್ಸಿ, ನಾನು ಬರಿಗಾಲಲ್ಲಿ ಓಡ್ತೀನಿ. ಯಾರ್ ಬೀಳ್ತಾರೋ ನೋಡಾನ."

ಹದಿಮೂರು ವರ್ಷದ ಹುಡುಗಿ ನನ್ನ ಮುಖ ನೋಡಿಕೊಂಡು ಹೀಗೆ ಹೇಳಿದ್ದು ನನಗೆ ಹಿಡಿಸಿತು. ಓಡಿಸಿದೆ. ನಮ್ಮ ಶಾಲೆಯಿಂದ ವೇಗದ ಹುಡುಗನೊಬ್ಬನನ್ನು ಆರಿಸಿದೆ. ಅವನ ಶೂ ಅವನ ಅಣ್ಣನದು, ಅಡಿ ಸವೆದು ಹಲಗೆಯಾಗಿತ್ತು. ಮೊದಲ ಮೂಲೆ ತಿರುಗುವಾಗಲೇ ಅವನು ಎರಡು ಕೈ ಅಗಲಿಸಿ ಹಾರಾಡಿ, ಗೋಣಿ ಸುತ್ತಿದ ಕಂಬವನ್ನು ತಬ್ಬಿಕೊಂಡು ನಿಂತ. ಹುಡುಗಿಯ ಬರಿಗಾಲು ನೆಲವನ್ನು ಹಿಡಿದು ಹಿಡಿದು ಬಿಡುತ್ತಿತ್ತು. ನಾಲ್ಕೂ ಮೂಲೆ ಸುತ್ತಿ ಬಂದು ನನ್ನೆದುರು ನಿಂತು, ಪಾದವನ್ನೆತ್ತಿ ಅಂಗಾಲು ತೋರಿಸಿದಳು. ಅದರ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ.

ನಾನು ಬಾಗಿಲಿಗೆ ಹೋಗಿ ನಾಲ್ಕನೆಯ ಸಾಲನ್ನು ಹೊಡೆದುಹಾಕಿದೆ. "ಒಳ್ಳೆಯ ಶೂ ಅಥವಾ ಬರಿಗಾಲು. ಸವೆದ ಶೂ, ಚಪ್ಪಲಿ ಬೇಡ" ಎಂದು ಮೂರು ಭಾಷೆಯಲ್ಲೂ ಬರೆದೆ. ನಮ್ಮ ಶಾಲೆಯ ಅರ್ಧ ಮಕ್ಕಳು ಅಲ್ಲೇ ಕುಳಿತು ಶೂ ಬಿಚ್ಚಿದರು. ತಪ್ಪು ಬರೆದದ್ದಕ್ಕೆ ನನಗೆ ನಾಚಿಕೆಯಾಯಿತೇ ಎಂದು ತಮ್ಮ ಆಮೇಲೆ ಕೇಳಿದ. ಆಗಲಿಲ್ಲ. ತಪ್ಪನ್ನು ಐದು ನಿಮಿಷದಲ್ಲಿ ತಿದ್ದಿದವಳಿಗೆ ನಾಚಿಕೆ ಯಾಕೆ?

ಲೀಗ್ ಚೆನ್ನಾಗಿ ನಡೆಯಿತು. ಶನಿವಾರ ಮಧ್ಯಾಹ್ನವೆಂದರೆ ಊರವರೆಲ್ಲ ಶೆಡ್ಡಿನ ಬಾಗಿಲಲ್ಲಿರುತ್ತಿದ್ದರು. ಹೂ ಕೀಳುವ ಹೆಂಗಸರು ಕೆಲಸ ಮುಗಿಸಿ ಬಂದು ಗೋಡೆಯ ಪಕ್ಕ ಕೂರುತ್ತಿದ್ದರು. ತಗಡಿನ ಕೆಳಗೆ ಒಂದು ಮಗು ಕೂಗಿದರೆ ಹತ್ತು ಮಕ್ಕಳು ಕೂಗಿದಂತೆ ಕೇಳಿಸುತ್ತಿತ್ತು. ತಗಡು ತೂತಾಗಲಿಲ್ಲ. ಒಂದೇ ಒಂದು ಟ್ಯೂಬ್‌ಲೈಟ್ ಹೋಯಿತು, ಅದನ್ನು ಒಡೆದದ್ದು ಚೆಂಡು ಹೇಗೆ ಹೊಡೆಯಬೇಕೆಂದು ತೋರಿಸಲು ಹೋದ ಯಜಮಾನರೇ.

ಕೊನೆಯ ಶನಿವಾರ ನಮ್ಮ ಶಾಲೆಗೂ ಅಂಚೆಟ್ಟಿಗೂ ಪಂದ್ಯ. ನಾವು ಅಲ್ಲಿಯವರೆಗೆ ಎಲ್ಲವನ್ನೂ ಗೆದ್ದಿದ್ದೆವು. ಅವರು ಒಂದನ್ನು ಸೋತಿದ್ದರು. ಸಮವಾದರೂ ಸಾಕು, ಲೀಗ್ ನಮ್ಮದೇ. ಅವರಿಗೆ ಮಾತ್ರ ಗೆಲ್ಲಲೇಬೇಕಿತ್ತು. ಗೆದ್ದರೆ ಇಬ್ಬರದೂ ಸಮ, ಆಗ ನಮ್ಮನ್ನು ಸೋಲಿಸಿದವರೇ ಮೊದಲು.

ನಮ್ಮ ತಂಡದ ಕ್ಯಾಚರ್, ಎಂದರೆ ಓಡುವವರು ಕೊನೆಗೆ ಮುಟ್ಟಬೇಕಾದ ಮನೆಯ ಮೂಲೆಯನ್ನು ಕಾಯುವವಳು, ನನ್ನ ತಮ್ಮನ ಮಗಳು. ಅವಳಿಗೂ ಹದಿಮೂರು. ಅವಳು ಕಡಿಮೆ ಮಾತಿನವಳು, ಕೈಗೆ ಬಂದ ಚೆಂಡನ್ನು ಬಿಟ್ಟವಳಲ್ಲ. ಅಪ್ಪ ಅಂಪೈರ್, ಮಗಳು ಆಟಗಾರ್ತಿ ಎಂದು ಯಾರೂ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಅವನು ಅವಳನ್ನು ಎಲ್ಲರಿಗಿಂತ ಹೆಚ್ಚು ಗದರುತ್ತಿದ್ದನೇ ಹೊರತು ಒಂದು ತೀರ್ಪನ್ನೂ ಅವಳ ಕಡೆಗೆ ವಾಲಿಸಿದವನಲ್ಲ.

ಕೊನೆಯ ಸರದಿ ಅಂಚೆಟ್ಟಿಯದು. ಎರಡೂ ಕಡೆ ಒಂಬತ್ತು ರನ್. ಅವರಲ್ಲಿ ಇಬ್ಬರು ಔಟಾಗಿದ್ದರು, ಮೂರನೆಯವರು ಔಟಾದರೆ ಪಂದ್ಯ ಸಮ. ನಾಯಕಿ ಮೂರನೆಯ ಮೂಲೆಯಲ್ಲಿ ಒಂದು ಕಾಲು ಮುಂದಿಟ್ಟು ನಿಂತಿದ್ದಳು. ಅವರ ಕಡೆಯ ಸಣ್ಣ ಹುಡುಗನೊಬ್ಬ ಚೆಂಡನ್ನು ನೆಲಕ್ಕೆ ತಾಗಿಸಿ ಹೊಡೆದ. ಅದು ಕಂಬಕ್ಕೆ ಬಡಿದು ಓರೆಯಾಯಿತು. ನಾಯಕಿ ಓಡಿದಳು. ನಮ್ಮ ಹುಡುಗ ಚೆಂಡನ್ನೆತ್ತಿ ಮನೆಯ ಮೂಲೆಗೆ ಎಸೆದ. ಚೆಂಡು ಬಂದು ತಮ್ಮನ ಮಗಳ ಗ್ಲೌಸಿಗೆ ಬೀಳುವುದಕ್ಕೂ ನಾಯಕಿ ಧೊಪ್ಪೆಂದು ನೆಲಕ್ಕೆ ಬಿದ್ದು ಎರಡು ಮೊಳ ಜಾರಿಕೊಂಡು ಬಂದು ಮೂಲೆಯನ್ನು ಮುಟ್ಟುವುದಕ್ಕೂ ಸರಿಹೋಯಿತು. ಅವಳ ಕಾಲು ಮೊದಲು ಮುಟ್ಟಿತ್ತು, ಅವಳನ್ನು ಔಟ್ ಮಾಡಬೇಕಿದ್ದ ಚೆಂಡಿನ ಗ್ಲೌಸು ಅವಳ ಭುಜಕ್ಕೆ ತಾಗಿದ್ದು ಆಮೇಲೆ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅಂಚೆಟ್ಟಿಯವರು ಹೋ ಎಂದು ಎದ್ದರು. ಆ ಸದ್ದು ಇಳಿಯುವ ಮೊದಲೇ ನಮ್ಮ ಕಡೆಯ ಆಟಗಾರನೊಬ್ಬನ ಅಪ್ಪ ಕೂಗಿದರು:

"ಜಾರ್ದ್ಲು! ಜಾರ್ದ್ರೆ ಔಟು! ಬಾಗ್ಲಲ್ಲಿ ಬರ್ದದೆ ನೋಡ್ರಪ್ಪ!"

ಅಲ್ಲಿಂದ ಇಡೀ ನಮ್ಮೂರು ಅದನ್ನೇ ಕೂಗಿತು. ಯಾರೋ ತಮಿಳಿನಲ್ಲಿ ಕೂಗಿದರು, ಯಾರೋ ತೆಲುಗಿನಲ್ಲಿ. ಮೂರು ಭಾಷೆಯಲ್ಲೂ ಅರ್ಥ ಅದೇ ಆಗುತ್ತಿತ್ತು. ಬೇಕೆಂದು ಜಾರುವುದಕ್ಕೂ ಕಾಲು ತಪ್ಪಿ ಜಾರುವುದಕ್ಕೂ ಮೂರರಲ್ಲೂ ಒಂದೇ ಪದ. ನಾನು ಎರಡೇ ಪದದಲ್ಲಿ ಬರೆದು ಹೆಮ್ಮೆಪಟ್ಟ ಸಾಲಿನಲ್ಲಿ ಎಂಥ ಕಂದಕವಿತ್ತೆಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ.

ತಮ್ಮ ಸೀಟಿ ಊದಿ ಎಲ್ಲರನ್ನೂ ಸುಮ್ಮನಾಗಿಸಿದ. ನಾಯಕಿಯನ್ನು ನೋಡಿದ, ತನ್ನ ಮಗಳನ್ನು ನೋಡಿದ, ಆಮೇಲೆ ನೇರ ನನ್ನ ಬಳಿ ಬಂದ.

"ಅಕ್ಕಾ, ಮುಟ್ಟಿಸಿದ್ದು ನನ್ ಮಗ್ಳು. ನಾನು ಈ ಕಡೆ ಹೇಳಿದ್ರೂ ಕಷ್ಟ, ಆ ಕಡೆ ಹೇಳಿದ್ರೂ ಕಷ್ಟ. ರೂಲು ಬರ್ದೋಳು ನೀನು. ನೀನೇ ಹೇಳ್ಬುಡು."

ನಾನು ಎದ್ದು ಮನೆಯ ಮೂಲೆಗೆ ಹೋದೆ. ನಾಯಕಿ ಇನ್ನೂ ನೆಲದ ಮೇಲೆ ಕುಳಿತೇ ಇದ್ದಳು. ಮೊಣಕೈಯಿಂದ ರಕ್ತ ಬರುತ್ತಿತ್ತು.

"ಏನಾಯ್ತಮ್ಮ?"

"ಕಾಲ್ ಜಾರ್ತು ಮಿಸ್. ನಾನ್ ಜಾರ್ಲಿಲ್ಲ," ಎಂದಳು.

ಇದಕ್ಕಿಂತ ಸ್ಪಷ್ಟವಾಗಿ ಯಾವ ಪಂಡಿತರೂ ಆ ಎರಡರ ವ್ಯತ್ಯಾಸವನ್ನು ಹೇಳಲಾರರು. ಆದರೂ ಅವಳ ಮಾತಿನ ಮೇಲಷ್ಟೇ ನಾನು ನಿಲ್ಲಲಿಲ್ಲ. ಬಗ್ಗಿ ನೆಲ ಮುಟ್ಟಿದೆ. ಮೂಲೆಯಿಂದ ಎರಡು ಮೊಳ ಹಿಂದೆ ಅಂಗೈಯಗಲ ಒದ್ದೆ. ಗೋಡೆಯ ಪಕ್ಕದಲ್ಲಿದ್ದ ಯಾರದೋ ನೀರಿನ ಬಾಟಲಿ ಉರುಳಿತ್ತು, ಅದರಿಂದ ಸಣ್ಣ ಗೆರೆಯಾಗಿ ನೀರು ಅಲ್ಲಿಯವರೆಗೆ ಬಂದಿತ್ತು. ಬೇಕೆಂದು ಜಾರುವವರು ಹಿಂದಕ್ಕೆ ಒರಗಿ ಬೀಳುತ್ತಾರೆ, ಅವರಿಗೆ ತೊಡೆ ತರಚುತ್ತದೆ. ಇವಳು ಬಿದ್ದದ್ದು ಪಕ್ಕಕ್ಕೆ, ತರಚಿದ್ದು ಮೊಣಕೈ. ನೂರಾರು ಮಕ್ಕಳಿಗೆ ಜಾರುವುದನ್ನು ಕಲಿಸಿದವಳು ನಾನು. ಕಾಲು ತಪ್ಪಿದ್ದನ್ನು ಗುರುತಿಸಲಾರದಷ್ಟು ನನ್ನ ಕಣ್ಣು ಕೆಟ್ಟಿರಲಿಲ್ಲ.

ತಮ್ಮನ ಮಗಳು ಚೆಂಡನ್ನು ಗ್ಲೌಸಿನಲ್ಲೇ ಇಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ನಾನು ಅವಳನ್ನು ಏನೂ ಕೇಳಲಿಲ್ಲ. ಹದಿಮೂರರ ಹುಡುಗಿ ತನ್ನ ತಂಡದ ವಿರುದ್ಧ ಎಲ್ಲರೆದುರು ಬಾಯಿ ಬಿಡಬೇಕಾದ ಇಕ್ಕಟ್ಟಿಗೆ ಅವಳನ್ನು ನೂಕಬಾರದೆಂದು ನನಗೆ ಅನ್ನಿಸಿತು. ಅದು ದೊಡ್ಡವರು ಹೊರಬೇಕಾದ ಭಾರ, ನಾನೇ ಹೊರುತ್ತೇನೆ ಎಂದುಕೊಂಡೆ.

ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. "ಈ ಸಾಲು ಬರ್ದೋಳು ನಾನು. ಬೇಕು ಅಂತ ನೆಲಕ್ಕೆ ಬಿದ್ದು ಜಾರೋರ್ಗೆ ಬರ್ದಿದ್ದು, ನೀರಿನ್ ಮೇಲೆ ಕಾಲಿಟ್ಟು ಬಿದ್ದೋರ್ಗಲ್ಲ. ಇಲ್ಲಿ ನೀರಿದೆ, ಬಂದು ಮುಟ್ಟಿ ನೋಡ್ಬಹ್ದು. ಸರ್ಯಾಗಿ ಬರೀದೆ ಇದ್ದಿದ್ದು ನನ್ ತಪ್ಪು, ಅವಳ್ದಲ್ಲ. ರನ್ ಆಯ್ತು. ಅಂಚೆಟ್ಟಿ ಗೆದ್ದದೆ."

"ಬರಿಗಾಲು ಬಿಟ್ಟಿದ್ದೂ ನೀವೇ ಮಿಸ್!" ಎಂದರು ಮೊದಲು ಕೂಗಿದ ಅಪ್ಪ.

"ಹೂಂ, ನಾನೇ. ಶೂ ಹಾಕಿದ್ರೂ ಆ ನೀರಲ್ಲಿ ಬೀಳ್ತಿದ್ಲು," ಎಂದೆ.

ಅವರಿಗೆ ಸಮಾಧಾನವಾಗಲಿಲ್ಲ. ಆದರೆ ಗುಲಾಬಿಯ ಯಜಮಾನರು ಎದ್ದು ಬಂದು, ಬಗ್ಗಿ, ಒದ್ದೆಯನ್ನು ಬೆರಳಲ್ಲಿ ಮುಟ್ಟಿ, ಆ ಬೆರಳನ್ನು ಎಲ್ಲರಿಗೂ ತೋರಿಸಿ ಹೋಗಿ ಕುಳಿತರು. ಅಲ್ಲಿಗೆ ಗದ್ದಲ ಇಳಿಯಿತು. ಗಂಟೆ ನಾಲ್ಕೂಕಾಲಾಗಿತ್ತು. ನಾಯಕಿಯ ಮೊಣಕೈಗೆ ಪಟ್ಟಿ ಕಟ್ಟಿ, ಲೀಗ್ ಗೆದ್ದವರಿಗೆಂದು ತಂದಿಟ್ಟಿದ್ದ ಕಪ್ಪನ್ನು ಅವಳ ಕೈಗೆ ಕೊಟ್ಟು, ಅಷ್ಟೂ ಮಕ್ಕಳನ್ನು ಓಡಿಸಿಕೊಂಡು ಹೋಗಿ ಬಸ್ಸು ಹತ್ತಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಆ ಕಪ್ಪು ಹಿಡಿದ ಕೈ ಕಿಟಕಿಯಿಂದ ಹೊರಗೇ ಇತ್ತು.

ತಮ್ಮನ ಮಗಳು ನನ್ನೊಂದಿಗೆ ಮಾತು ಬಿಟ್ಟಳು. ಪಕ್ಕದ ಮನೆ, ಒಂದೇ ಬಾವಿಕಟ್ಟೆ. ದಿನಕ್ಕೆ ಹತ್ತು ಸಲ ಎದುರಾಗುತ್ತಿದ್ದಳು, ಕಂಡೂ ಕಾಣದಂತೆ ಹೋಗುತ್ತಿದ್ದಳು. ಸೋತದ್ದರ ಸಿಟ್ಟು, ಇಳಿಯುತ್ತದೆ ಬಿಡು ಎಂದುಕೊಂಡೆ. ಸೋಮವಾರ ಇಳಿಯಲಿಲ್ಲ, ಗುರುವಾರವೂ ಇಳಿಯಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ನಾನು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಾಗ ಅವಳನ್ನು ಕರೆದು ಕೂರಿಸಿಕೊಂಡೆ.

"ನೋಡೇ, ಆಟದಲ್ಲಿ ಸೋಲು ಬರ್ತದೆ. ಅದ್ಕೆ ಅತ್ತೆ ಮೇಲೆ ಇಷ್ಟ್ ದಿನ ಮುನಿಸ್ಕಂಡ್ರೆ ಹೆಂಗೆ?"

ಅವಳು ಒಂದು ಕಾಯಿ ಎತ್ತಿಕೊಂಡು ಸುಲಿದಳು, ಇನ್ನೊಂದು ಸುಲಿದಳು. ಆಮೇಲೆ ಹೇಳಿದಳು: "ಸೋತಿದ್ದಕ್ಕಲ್ಲ ಅತ್ತೆ. ನನ್ನ ಯಾಕೆ ಕೇಳ್ಲಿಲ್ಲ ನೀವು?"

"ಏನ್ ಕೇಳ್ಬೇಕಿತ್ತು?"

"ಆ ಹುಡ್ಗೀನ ಕೇಳಿದ್ರಿ. ನೆಲ ಮುಟ್ಟಿ ನೋಡಿದ್ರಿ. ಒಂದ್ ಗೇಣು ದೂರದಲ್ಲಿ ನಿಂತಿದ್ದ ನನ್ನ ಕೇಳ್ಲಿಲ್ಲ. ನೀರು ಎಲ್ಲರ್ಗಿಂತ ಮೊದ್ಲು ನೋಡಿದ್ದು ನಾನು. ಚೆಂಡು ಬರ್ತಿತ್ತು, ಹೇಳೋಕಾಗ್ಲಿಲ್ಲ. ನಾನ್ ಸುಳ್ಳ್ ಹೇಳ್ತೀನಿ ಅಂದ್ಕಂಡ್ರಾ?"

ಅವಳನ್ನು ಕಷ್ಟದಿಂದ ಪಾರು ಮಾಡಿದೆನೆಂದು ನಾನು ಒಂದು ವಾರ ಬೀಗಿಕೊಂಡಿದ್ದೆ. ಅವಳಿಗೆ ಅದು ಹಾಗೆ ಕಂಡಿರಲೇ ಇಲ್ಲ. ಊರೆದುರು ನಿಜ ಹೇಳುವ ಸರದಿ ತನಗೆ ಬಂದಿತ್ತು, ಅತ್ತೆ ಅದನ್ನು ಕಸಿದುಕೊಂಡಳು ಎಂದು ಕಂಡಿತ್ತು. ತೀರ್ಪು ಸರಿಯಾಗಿತ್ತು, ಅದರಲ್ಲಿ ನನಗೆ ಇಂದಿಗೂ ಅಳುಕಿಲ್ಲ. ಆದರೆ ಮಕ್ಕಳ ಬಗ್ಗೆ ಅವರನ್ನು ಕೇಳದೆಯೇ ತೀರ್ಮಾನ ಮಾಡುವ ಚಾಳಿಯನ್ನು ನಾನು ಶೂ ವಿಷಯದಲ್ಲಿ ಬಿಟ್ಟೆನೆಂದುಕೊಂಡಿದ್ದೆ. ಬಿಟ್ಟಿರಲಿಲ್ಲ.

"ತಪ್ಪಾಯ್ತು ಕಣೇ," ಎಂದೆ. "ಕೇಳ್ಬೇಕಿತ್ತು."

"ಹಂಗಾರೆ ಅದನ್ನೂ ಬರೀರಿ," ಎಂದಳು.

"ನೀನೇ ಬರಿ."

ಅವಳು ಒಳಗೆ ಹೋಗಿ ನನ್ನ ನೋಟ್‌ಬುಕ್ ತಂದಳು. ಮೊದಲು ಏಳನೆಯ ನಿಯಮವನ್ನು ತಿದ್ದಿದಳು: "ಬೇಕೆಂದೇ ನೆಲಕ್ಕೆ ಬಿದ್ದು ಜಾರಿಕೊಂಡು ಬಂದರೆ ಔಟ್. ಕಾಲು ತಪ್ಪಿ ಬಿದ್ದರೆ ಔಟ್ ಅಲ್ಲ." ಅದರ ಕೆಳಗೆ ಹೊಸದನ್ನು ಬರೆಯಲು ತುಂಬ ಹೊತ್ತು ತೆಗೆದುಕೊಂಡಳು, ಎರಡು ಸಲ ಬರೆದು ಹೊಡೆದುಹಾಕಿದಳು. ಕೊನೆಗೆ ಉಳಿದದ್ದು ಇದು: "ಅಂಪೈರಿಗೆ ಅನುಮಾನ ಬಂದರೆ ಹತ್ತಿರ ನಿಂತಿದ್ದ ಆಟಗಾರರನ್ನು ಕೇಳಬೇಕು. ಎರಡೂ ತಂಡದವರನ್ನು ಕೇಳಬೇಕು."

ಮುಂದಿನ ಲೀಗಿಗೆ ಮೊದಲು ನಾಲ್ಕೂ ಶಾಲೆಯವರು ಸೇರಿದಾಗ ಈ ಸಾಲಿಗೆ ಬಹಳ ಆಕ್ಷೇಪಣೆ ಬಂತು. ತಳಿಯ ಮೇಷ್ಟ್ರು, "ಮಕ್ಳು ಸುಳ್ಳು ಹೇಳ್ತವೆ ಮಿಸ್, ಗೆಲ್ಲೋಕೆ ಏನ್ ಬೇಕಾದ್ರೂ ಹೇಳ್ತವೆ," ಎಂದರು. ಹೇಳಿದರೆ ಹೇಳಲಿ, ನೋಡೋಣ ಎಂದೆ. ಸಾಲು ಉಳಿಯಿತು.

ಅದನ್ನು ಮೊದಲ ಸಲ ಬಳಸುವ ಸಂದರ್ಭ ತಳಿಗೂ ಡೆಂಕಣಿಕೋಟೆಗೂ ನಡೆದ ಪಂದ್ಯದಲ್ಲಿ ಬಂತು. ಕಂಬದ ಹಿಂದೆ ಚೆಂಡು ನೆಲಕ್ಕೆ ತಾಗಿತೋ, ಅದಕ್ಕೂ ಮೊದಲೇ ಕೈಗೆ ಸಿಕ್ಕಿತೋ ತಮ್ಮನಿಗೆ ಕಾಣಲಿಲ್ಲ. ಹತ್ತಿರವಿದ್ದ ಇಬ್ಬರನ್ನು ಕರೆದ. ಬ್ಯಾಟ್ ಮಾಡುತ್ತಿದ್ದ ಡೆಂಕಣಿಕೋಟೆಯ ಹುಡುಗಿ ತಾಗಿತು ಎಂದಳು, ತಳಿಯ ಹುಡುಗ ತಾಗಲಿಲ್ಲ ಎಂದ. ತಳಿಯ ಮೇಷ್ಟ್ರು ನನ್ನತ್ತ ತಿರುಗಿ ಹುಬ್ಬು ಹಾರಿಸಿದರು. ತಮ್ಮ ಆ ಮಕ್ಕಳಿಗೆ, "ಎಲ್ಲಿಂದ ನೋಡಿದ್ರಿ, ಅಲ್ಲೇ ಹೋಗಿ ನಿಂತ್ಕೊಳ್ರಿ," ಎಂದ. ನಿಂತರು. ತಮ್ಮ ಒಬ್ಬೊಬ್ಬರ ಹಿಂದೆಯೂ ಹೋಗಿ, ಅವರ ಎತ್ತರಕ್ಕೆ ಮಂಡಿಯೂರಿ ಕುಳಿತು, ಅವರು ಕಂಡ ಕಡೆಯೇ ನೋಡಿದ. ಹುಡುಗಿ ನಿಂತಲ್ಲಿಂದ ನೆಲ ಕಾಣುತ್ತಿತ್ತು. ಹುಡುಗ ನಿಂತಲ್ಲಿಂದ ಗೋಣಿಚೀಲವಷ್ಟೇ ಕಾಣುತ್ತಿತ್ತು. ಹುಡುಗ ತಾನೇ ಅದನ್ನು ನೋಡಿ, "ಅವ್ಳು ಹೇಳಿದ್ದೇ ಸರಿ ಇರ್ಬೇಕು ಸಾರ್, ನಂಗೆ ಚೀಲ ಅಡ್ಡ ಬಂದಿತ್ತು," ಎಂದ. ತಮ್ಮ ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಕ್ಯಾಚ್ ಅಲ್ಲವೆಂದು ತೀರ್ಪು ಕೊಟ್ಟ. ಯಾರೂ ಕೂಗಲಿಲ್ಲ. ಮುಂದಿನ ಚೆಂಡು ಎಸೆಯಲು ತಳಿಯ ಹುಡುಗಿ ಆಗಲೇ ತೋಳು ಹಿಂದಕ್ಕೆಳೆದುಕೊಂಡು ನಿಂತಿದ್ದಳು.